ಮೊದಲು ಓದಿರಿ, ಆಮೇಲೆ ಗುಂಡಿ ಒತ್ತಿರಿ!

ವಿಶಾಖಪಟ್ಟಣದ ಭಾಗ್ಯದ ಬಾಗಿಲು ತೆರೆಯಿತೆಂದು ದೊಡ್ಡ ಪತ್ರಿಕೆಗಳೆಲ್ಲ ಹಾಡಿ ಹೊಗಳಿವೆ. ೨೦೨೫ರ ಅಕ್ಟೋಬರ್ ೧೪ರಂದು ಗೂಗಲ್ ಕಂಪನಿಯವರು ಅಲ್ಲಿ ಐದು ವರ್ಷಗಳಲ್ಲಿ ೧೫೦೦ ಕೋಟಿ ಡಾಲರು ಹಾಕಿ ಭಾರೀ ಕಂಪ್ಯೂಟರ್ ಕೇಂದ್ರವನ್ನು ಕಟ್ಟುವುದಾಗಿ ಸಾರಿದರು. ಅದಾನಿಯವರ ಒಂದು ಕಂಪನಿಯೂ ಏರ್‌ಟೆಲ್ಲಿನವರೂ ಜೊತೆಗಾರರು. ಸಮುದ್ರದ ತಳದಿಂದ ತಂತಿ ಬರಲಿದೆ. ಒಂದು ದೊಡ್ಡ ಪಟ್ಟಣಕ್ಕೆ ಸಾಲುವಷ್ಟು ವಿದ್ಯುತ್ತು ಆ ಯಂತ್ರಗಳ ಹೊಟ್ಟೆಗೆ ಹೋಗಲಿದೆ. ಒಳ್ಳೆಯದು. ದುಡಿಯುವ ಕೈಗೆ ಕೆಲಸ ಸಿಗುವುದಾದರೆ ಬೇಡವೆನ್ನಲು ನಾವು ಯಂತ್ರದ ವೈರಿಗಳಲ್ಲ.

ಆದರೆ ಹಾರ ತುರಾಯಿಗಳ ಗದ್ದಲದಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾವು ಕೇಳಬೇಕಾಗಿದೆ. ಇಂಥ ಯಂತ್ರಗಳಿಗೆ ಆಜ್ಞೆಯನ್ನು ಬರೆಯುವವನು ಒಬ್ಬನಿದ್ದಾನೆ. ಅವನು ಬರೆದುದನ್ನು ಗುಂಡಿ ಒತ್ತುವ ಮೊದಲು ಓದುವವನು ಇನ್ನೊಬ್ಬನಿದ್ದಾನೆಯೇ? ಓದಿ, ಅಪಾಯವನ್ನು ಕಂಡು, "ಇದು ಬೇಡ" ಎನ್ನುವ ಅಧಿಕಾರ ಅವನಿಗುಂಟೇ? ಹಾಗೆಂದದ್ದಕ್ಕೆ ಅವನ ಕೆಲಸ ಉಳಿಯುವುದೇ?

"ಹೋಟೆಲಿನವರ, ಗಿರಣಿಯವರ ಪತ್ರಿಕೆಗೆ ಕಂಪ್ಯೂಟರಿನ ಉಸಾಬರಿ ಯಾಕೆ?" ಎಂದು ಕೆಲವರು ಹುಬ್ಬೇರಿಸುವರು. ಹುಬ್ಬು ಇಳಿಸಿ ಕೇಳಿರಿ, ಸ್ವಾಮಿ. ನಮ್ಮ ಪಗಾರ ಇಂದು ಕೈಗೆ ಬರುವುದಿಲ್ಲ, ಬ್ಯಾಂಕಿನ ಯಂತ್ರಕ್ಕೆ ಬರುತ್ತದೆ. ಪ್ರಾವಿಡೆಂಟ್ ಫಂಡಿನ ಲೆಕ್ಕ ಯಂತ್ರದಲ್ಲಿದೆ. ಗಲ್ಲಾಪೆಟ್ಟಿಗೆಯ ಮುಂದೆ ಗಿರಾಕಿ ಹಣ ಕೊಡುವುದು ಮೊಬೈಲಿನಿಂದ. ಅದು ನಿಂತರೆ ಬೈಗುಳ ತಿನ್ನುವವನು ಮಾಣಿ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತುವುದೂ ಯಂತ್ರಕ್ಕೇ. ಇನ್ನು, ಊರಿನ ಹೊಲ ಮಾರಿ, ಸಂಘದ ಸಾಲ ತೆಗೆದು ನಾವು ಓದಿಸಿದ ಮಕ್ಕಳೇ ಈಗ ಬೆಂಗಳೂರು, ಹೈದರಾಬಾದು, ವಿಶಾಖಪಟ್ಟಣಗಳಲ್ಲಿ ರಾತ್ರಿ ಪಾಳಿಗೆ ಕುಳಿತು ಆ ಗುಂಡಿಗಳನ್ನು ಒತ್ತುತ್ತಿರುವರು. ಹಾಗಾದರೆ ಇದು ಯಾರ ಉಸಾಬರಿ?

ಕಡತದಲ್ಲಿ ಬರೆದ ಕಾರ್ಖಾನೆ

ಮೊದಲು ಈ ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಿಳಿಯೋಣ. ಹಿಂದೆ ಕಂಪ್ಯೂಟರ್ ಕೋಣೆಯಲ್ಲಿ ಒಬ್ಬ ಮನುಷ್ಯ ಒಂದೊಂದು ಯಂತ್ರದ ಮುಂದೆ ಕುಳಿತು, ಒಂದೊಂದಕ್ಕೂ ಬೇರೆ ಬೇರೆಯಾಗಿ ಆಜ್ಞೆ ಕೊಡುತ್ತಿದ್ದ. ಈಗ ಹಾಗಿಲ್ಲ. ಎಷ್ಟು ಯಂತ್ರ ಬೇಕು, ಯಾವ ಬಾಗಿಲು ತೆರೆದಿರಬೇಕು, ಯಾವುದು ಮುಚ್ಚಿರಬೇಕು, ಯಾವ ಲೆಕ್ಕ ಯಾವ ಉಗ್ರಾಣದಲ್ಲಿರಬೇಕು, ಕೀಲಿಕೈ ಯಾರ ಸೊಂಟದಲ್ಲಿರಬೇಕು ಎಂಬುದೆಲ್ಲವನ್ನೂ ಒಂದು ಕಡತದಲ್ಲಿ ಬರೆದಿಡುವರು. ಇನ್‌ಫ್ರಾಸ್ಟ್ರಕ್ಚರ್ ಆ್ಯಸ್ ಕೋಡ್ ಎಂದು ಅವರ ಮಾತಿನಲ್ಲಿ ಅದಕ್ಕೆ ಹೆಸರು. ೨೦೧೪ರಲ್ಲಿ ಹೊರಬಂದ ಟೆರಾಫಾರ್ಮ್ ಎಂಬ ಉಪಕರಣ ಈ ಕೆಲಸದಲ್ಲಿ ಹೆಸರುವಾಸಿ. ಕಡತದಲ್ಲಿ ನಾಲ್ಕು ಸಾಲು ಸೇರಿಸಿ ಗುಂಡಿ ಒತ್ತಿದರೆ ನೂರು ಯಂತ್ರಗಳು ಎದ್ದು ನಿಲ್ಲುತ್ತವೆ. ನಾಲ್ಕು ಸಾಲು ಅಳಿಸಿ ಒತ್ತಿದರೆ ನೂರೂ ಮಲಗುತ್ತವೆ.

ಉಪಕರಣವನ್ನು ನಾವು ಹಳಿಯುವುದಿಲ್ಲ. ನಿಜ ಹೇಳಬೇಕೆಂದರೆ ಅದು ಅನೇಕ ಮ್ಯಾನೇಜರುಗಳಿಗಿಂತ ಪ್ರಾಮಾಣಿಕ. ಕೆಲಸಕ್ಕೆ ಕೈ ಹಚ್ಚುವ ಮೊದಲು ತಾನು ಏನು ಮಾಡಲಿರುವೆನೆಂದು ಒಂದು ಪಟ್ಟಿಯನ್ನು ಮುಂದಿಡುತ್ತದೆ. ಹೊಸದಾಗಿ ಕಟ್ಟುವುದು ಇಷ್ಟು, ಬದಲಿಸುವುದು ಇಷ್ಟು, ಕೆಡವುವುದು ಇಷ್ಟು ಎಂದು ಕೊನೆಯಲ್ಲಿ ಮೊತ್ತವನ್ನೂ ಹಾಕುತ್ತದೆ. ಇದಕ್ಕೆ ಪ್ಲಾನ್ ಎನ್ನುವರು. ಓದಿ ಒಪ್ಪಿದ ಮೇಲೆ ಕೊಡುವ ಆಜ್ಞೆಗೆ ಅಪ್ಲೈ ಎನ್ನುವರು. ಈ ಎರಡರ ನಡುವೆ ಇರುವ ಜಾಗವೇ ನಮ್ಮ ಇಂದಿನ ವಿಷಯ. ಅಲ್ಲಿ ಕಣ್ಣು ತೆರೆದ ಮನುಷ್ಯನೊಬ್ಬ ನಿಂತಿರಬೇಕು.

ಅವನು ನೋಡಬೇಕಾದುದೇನು? ಮೊದಲನೆಯದು, ಕೆಡವುವ ಪಟ್ಟಿ. ಕೆಲವು ವಸ್ತುಗಳನ್ನು ಇದ್ದಲ್ಲಿಯೇ ತಿದ್ದಲು ಬರುವುದಿಲ್ಲ. ಉಪಕರಣವು ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುತ್ತದೆ. ಬರೆದವನು ಉಗ್ರಾಣದ ಹೆಸರನ್ನಷ್ಟೇ ತಿದ್ದಿದೆನೆಂದು ತಿಳಿದಿರುತ್ತಾನೆ. ಯಂತ್ರವು ತುಂಬಿದ ಉಗ್ರಾಣವನ್ನು ನೆಲಸಮ ಮಾಡಿ, ಹೊಸ ಹೆಸರಿನ ಬರಿದಾದ ಉಗ್ರಾಣವನ್ನು ಎಬ್ಬಿಸಿ, "ಕೆಲಸ ಆಯಿತು" ಎನ್ನುತ್ತದೆ. ಎರಡನೆಯದು, ಬಾಗಿಲು. ಒಂದೇ ಸಾಲಿನಿಂದ ಖಾಸಗಿ ಲೆಕ್ಕದ ಕೋಣೆ ಜಗತ್ತಿಗೆಲ್ಲ ತೆರೆದುಬಿಡಬಹುದು. ಮೂರನೆಯದು, ಕೀಲಿಕೈ, ಒಂದು ಕೋಣೆ ಗುಡಿಸುವವನಿಗೆ ಇಡೀ ಮನೆಯ ಕೀಲಿ ಹೋಗಿರಬಹುದು. ನಾಲ್ಕನೆಯದು, ಪಟ್ಟಿ ಹಳತಾಗಿದೆಯೇ ಎಂಬುದು. ಬೆಳಿಗ್ಗೆ ಓದಿದ ಪಟ್ಟಿಯನ್ನು ಸಂಜೆ ಜಾರಿ ಮಾಡಿದರೆ, ಮಧ್ಯಾಹ್ನ ಬೇರೊಬ್ಬರು ಕೈಯಿಂದ ಮಾಡಿದ ತಿದ್ದುಪಡಿ ಅದರಲ್ಲಿ ಕಾಣದು. ಐದನೆಯದು ಎಲ್ಲಕ್ಕಿಂತ ದೊಡ್ಡದು: ಇದು ತಪ್ಪಿದರೆ ಎಷ್ಟು ಜನರಿಗೆ ಪೆಟ್ಟು, ಮತ್ತು ಹಿಂದೆ ತಿರುಗಲು ದಾರಿ ಉಂಟೋ ಇಲ್ಲವೋ?

ಒಂದು ಖಾಲಿ ಜಾಗದ ಕಥೆ

ಇದು ಬರಿಯ ಭಯವೆನ್ನುವವರು ೨೦೨೪ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯದಲ್ಲಿ ನಡೆದುದನ್ನು ಕೇಳಬೇಕು. ಅಲ್ಲಿ ಯುನಿಸೂಪರ್ ಎಂಬ ನಿವೃತ್ತಿ ನಿಧಿ ಇದೆ. ನಮ್ಮ ಪ್ರಾವಿಡೆಂಟ್ ಫಂಡಿನಂತೆಯೇ, ಕಾಲೇಜು ವಿಶ್ವವಿದ್ಯಾಲಯಗಳ ನೌಕರರ ದುಡಿಮೆಯ ಉಳಿತಾಯ ಅದರಲ್ಲಿದೆ. ಸದಸ್ಯರು ಆರು ಲಕ್ಷಕ್ಕೂ ಮೇಲ್ಪಟ್ಟವರು. ಅದರ ಕಂಪ್ಯೂಟರ್ ವ್ಯವಸ್ಥೆ ಗೂಗಲ್ಲಿನವರ ಯಂತ್ರಗಳಲ್ಲಿತ್ತು. ಒಂದು ದಿನ ಆ ವ್ಯವಸ್ಥೆಯ ಒಂದು ಭಾಗ ತಾನಾಗಿಯೇ ಅಳಿಸಿಹೋಯಿತು. ಕಳ್ಳರು ಬಂದಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಗೂಗಲ್ಲಿನವರೇ ಆಮೇಲೆ ತಿಳಿಸಿದ ಕಾರಣ ಇದು: ವ್ಯವಸ್ಥೆಯನ್ನು ಮೊದಲು ಸ್ಥಾಪಿಸುವಾಗ ಅವರ ಕಡೆಯ ನೌಕರರು ಒಳಗಿನ ಉಪಕರಣವೊಂದರಲ್ಲಿ ಒಂದು ಜಾಗವನ್ನು ತುಂಬದೆ ಬಿಟ್ಟಿದ್ದರು. ಖಾಲಿ ಬಿಟ್ಟರೆ ಅವಧಿ ಒಂದು ವರ್ಷವೆಂದು ಆ ಉಪಕರಣ ತಾನೇ ಬರೆದುಕೊಳ್ಳುತ್ತಿತ್ತು. ವರ್ಷ ತುಂಬಿತು, ಯಂತ್ರ ತನ್ನ ಆಜ್ಞೆಯನ್ನು ಪಾಲಿಸಿತು.

ವಾರಕ್ಕೂ ಮೇಲೆ ಲಕ್ಷಾಂತರ ನೌಕರರಿಗೆ ತಮ್ಮ ಖಾತೆಯನ್ನು ಕಣ್ಣಿನಿಂದ ನೋಡಲಾಗಲಿಲ್ಲ. ಹಣ ಮುಳುಗಲಿಲ್ಲ ಎಂಬುದು ನಿಜ. ಲೆಕ್ಕದ ಪ್ರತಿಗಳನ್ನು ಬೇರೆಡೆಯಲ್ಲಿಯೂ ಕಾಪಿಟ್ಟಿದ್ದ ಕಾರಣ ಎಲ್ಲವನ್ನೂ ಮತ್ತೆ ಎತ್ತಿ ನಿಲ್ಲಿಸಿದರು. ಆ ಪ್ರತಿಗಳು ಇರದಿದ್ದರೆ? ಒಂದು ಖಾಲಿ ಜಾಗವನ್ನು ಇನ್ನೊಂದು ಜೊತೆ ಕಣ್ಣು ನೋಡಿದ್ದರೆ ಈ ಸಂಕಟವೆಲ್ಲ ತಪ್ಪುತ್ತಿತ್ತು. ಬ್ಯಾಂಕಿನ ಚಲನ್ ತುಂಬುವ ನಮ್ಮ ಸಂಘದ ಗುಮಾಸ್ತರೂ ಖಾಲಿ ಜಾಗಕ್ಕೆ ಗೆರೆ ಎಳೆಯುವರು. ಅದು ಅವರು ಯಾವ ದೊಡ್ಡ ಕಾಲೇಜಿನಲ್ಲಿಯೂ ಕಲಿತುದಲ್ಲ.

ವೆಂಕಟಾಪುರದಲ್ಲಿ ನಡೆದುದು

ಯಂತ್ರದ ಲೆಕ್ಕ ಅಳಿಸಿದರೆ ಹೊಟ್ಟೆಗೆ ಪೆಟ್ಟು. ಯಂತ್ರದ ಕೊಳವೆ ತಪ್ಪಿದರೆ ಪ್ರಾಣಕ್ಕೇ ಪೆಟ್ಟು. ಎರಡಕ್ಕೂ ಮೂಲ ಒಂದೇ: ವಿಚಾರಿಸದೆ ಮಾಡಿದ ಬದಲಾವಣೆ. ಇದನ್ನು ವಿಶಾಖಪಟ್ಟಣಕ್ಕೆ ಬೇರೆಯವರು ಕಲಿಸಬೇಕಾಗಿಲ್ಲ. ಅದೇ ಊರಿನ ಆರ್.ಆರ್. ವೆಂಕಟಾಪುರದ ಜನ ಅದನ್ನು ಹೆಣ ಹೊತ್ತು ಕಲಿತಿರುವರು.

೨೦೨೦ರ ಮೇ ೭. ಬೆಳಗಿನ ಜಾವ. ಲಾಕ್‌ಡೌನಿನಿಂದ ನಿಂತಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಎಂಬ ದ್ರವ ಆವಿಯಾಗಿ ಹೊರಟು ಮಲಗಿದ್ದ ಊರಿನ ಮೇಲೆ ಹರಡಿತು. ಓಡುತ್ತ ಓಡುತ್ತಲೇ ಜನ ಬಿದ್ದರು. ದನ ಕರುಗಳು ಗೂಟದಲ್ಲಿಯೇ ಸತ್ತವು. ಹನ್ನೆರಡು ಜನ ತೀರಿಕೊಂಡರು, ನೂರಾರು ಜನ ಆಸ್ಪತ್ರೆ ಸೇರಿದರು.

ಸರಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಆ ವರ್ಷದ ಜುಲೈಯಲ್ಲಿ ವರದಿ ಕೊಟ್ಟಿತು. ನೀರಭ್ ಕುಮಾರ್ ಪ್ರಸಾದ್ ಅದರ ಅಧ್ಯಕ್ಷರು. ಆ ವರದಿಯಲ್ಲಿ ಕಂಡುಬಂದ ಒಂದು ಸಂಗತಿಯನ್ನು ಪ್ರತಿಯೊಬ್ಬ ಕಾರ್ಮಿಕನೂ ನೆನಪಿಡಬೇಕು. ೨೦೧೯ರ ಡಿಸೆಂಬರಿನಲ್ಲಿ, ಎಂದರೆ ದುರಂತಕ್ಕೆ ಐದು ತಿಂಗಳ ಹಿಂದೆ, ಆ ತೊಟ್ಟಿಯ ಕೊಳವೆಗಳ ಜೋಡಣೆಯನ್ನು ಬದಲಿಸಿದ್ದರು. ಸ್ಟೈರೀನನ್ನು ತೊಟ್ಟಿಯೊಳಗೆ ತಿರುಗಿಸುತ್ತ, ತಂಪಾಗಿಡುತ್ತ ಇರಬೇಕು; ಇಲ್ಲವಾದರೆ ಅದು ತನ್ನಷ್ಟಕ್ಕೆ ತಾನೇ ಗಟ್ಟಿಯಾಗತೊಡಗಿ, ಹಾಗೆ ಗಟ್ಟಿಯಾಗುವಾಗ ತಾನೇ ಕಾಯುತ್ತದೆ. ಕೊಳವೆ ಬದಲಾದ ಮೇಲೆ ಆ ತಿರುಗಾಟ ಕೆಟ್ಟಿತು. ಕೆಳಗಿನ ದ್ರವ ತಣ್ಣಗೆ, ಮೇಲಿನ ದ್ರವ ಬಿಸಿ ಎಂಬ ಸ್ಥಿತಿಯಾಯಿತು. ಉಷ್ಣ ಅಳೆಯುವ ಮಾಪಕವೋ ತೊಟ್ಟಿಯ ತಳದಲ್ಲಿ ಮಾತ್ರ ಇತ್ತು! ಮೇಲೆ ಕುದಿಯುತ್ತಿದ್ದಾಗಲೂ ಕೆಳಗಿನ ಮುಳ್ಳು "ಎಲ್ಲ ಸರಿಯಾಗಿದೆ" ಎಂದು ತೋರಿಸುತ್ತಿತ್ತು. ಗಟ್ಟಿಯಾಗುವುದನ್ನು ತಡೆಯುವ ಔಷಧ ದಾಸ್ತಾನಿರಲಿಲ್ಲ. ತಂಪು ಮಾಡುವ ಯಂತ್ರವನ್ನು ಸಂಜೆಯ ಮೇಲೆ ನಿಲ್ಲಿಸುವ ವಾಡಿಕೆ ಇತ್ತು. ಊರನ್ನು ಎಬ್ಬಿಸಲು ಸೈರನ್ ಇತ್ತು, ಅದು ಕೂಗಲಿಲ್ಲ.

ಈ ಪಟ್ಟಿಯಲ್ಲಿ ಮೊದಲನೆಯದನ್ನು ಮತ್ತೆ ನೋಡಿರಿ. ಕೊಳವೆ ಬದಲಿಸುವ ಆ ಡಿಸೆಂಬರ್ ದಿನ, "ತಿರುಗಾಟ ಕೆಟ್ಟರೆ ಮೇಲಿನ ಪದರದ ಉಷ್ಣ ನಮಗೆ ಹೇಗೆ ತಿಳಿಯುವುದು?" ಎಂದು ಒಬ್ಬನು ಕೇಳಿ, ಉತ್ತರ ಸಿಗುವ ತನಕ ಕೆಲಸ ನಿಲ್ಲಬೇಕಾಗಿತ್ತು. ಬದಲಾವಣೆಯ ಅಪಾಯ ವಿಚಾರಿಸುವುದೆಂದರೆ ಇಷ್ಟೇ. ಇದರಲ್ಲಿ ಮಂತ್ರವಿಲ್ಲ, ಮಾಯೆಯಿಲ್ಲ. ಆದರೆ ಹೆಚ್ಚಿಸಿದ ಉತ್ಪಾದನೆಗೆ ಬೇಕಾದ ಪರಿಸರ ಅನುಮತಿ ತನ್ನಲ್ಲಿಲ್ಲವೆಂದು ೨೦೧೯ರ ಮೇ ತಿಂಗಳ ಪ್ರಮಾಣಪತ್ರದಲ್ಲಿ ತಾನೇ ಒಪ್ಪಿಕೊಂಡು, ಆಮೇಲೂ ಚಕ್ರ ತಿರುಗಿಸಿದ ಕಂಪನಿಯದು "ಮೊದಲು ಮಾಡು, ಅಪ್ಪಣೆ ಆಮೇಲೆ" ಎಂಬ ರೂಢಿ. ಆ ರೂಢಿಯಲ್ಲಿ ಪ್ರಶ್ನೆ ಕೇಳುವವನಿಗೆ ಕುರ್ಚಿ ಎಲ್ಲಿಯದು?

ವಿಲಾಯತಿಯವರು ಇದನ್ನು ೧೯೭೪ರಲ್ಲಿಯೇ ಕಲಿತಿದ್ದರು. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿ ರಾಸಾಯನಿಕ ಕಾರ್ಖಾನೆಯ ಒಂದು ಪಾತ್ರೆ ಬಿರುಕು ಬಿಟ್ಟಿತು. ಅದನ್ನು ತೆಗೆದು, ಉತ್ಪಾದನೆ ನಿಲ್ಲಬಾರದೆಂದು ಆಚೀಚೆಯ ಪಾತ್ರೆಗಳಿಗೆ ಒಂದು ತಾತ್ಕಾಲಿಕ ಕೊಳವೆ ಹಾಕಿದರು. ಅದರ ನಕ್ಷೆ ಇದ್ದುದು ಕಾಗದದ ಮೇಲಲ್ಲ, ಕಾರ್ಯಶಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ! ಜೂನ್ ೧ರಂದು ಆ ಕೊಳವೆ ಒಡೆದು ಕಾರ್ಖಾನೆ ಸಿಡಿಯಿತು. ೨೮ ಕಾರ್ಮಿಕರು ಸತ್ತರು. ಕಾರ್ಖಾನೆಯಲ್ಲಿ ಯಾವ ಬದಲಾವಣೆಯನ್ನೂ ಅಪಾಯ ವಿಚಾರಿಸದೆ, ಬರವಣಿಗೆಯ ಒಪ್ಪಿಗೆಯಿಲ್ಲದೆ ಮಾಡಬಾರದೆಂಬ ನಿಯಮ ಬಲವಾಗಿ ಬೇರೂರಿದುದು ಆ ಮೇಲೆ. ಅದಾಗಿ ೪೫ ವರ್ಷ ಕಳೆದ ಮೇಲೆ ವೆಂಕಟಾಪುರದ ತೊಟ್ಟಿಯ ಕೊಳವೆಯನ್ನು ಬದಲಿಸಿದರು. ಪಾಠ ಪುಸ್ತಕದಲ್ಲಿತ್ತು, ಓದುವವರಿಗೆ ಪುರುಸೊತ್ತಿರಲಿಲ್ಲ.

ವಿಜಯವಾಡದ ಹೋಟೆಲು

ಇನ್ನು ವಿಜಯವಾಡಕ್ಕೆ ಬನ್ನಿರಿ. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲು ಕಸುಬಿನ ಬೆನ್ನು ಹಿಡಿದು ಆಂಧ್ರದ ಊರುಗಳನ್ನು ಸೇರಿದ ನಮ್ಮವರಿಗೆ ಅದು ಹೊಸ ಹೆಸರಲ್ಲ. ವೆಂಕಟಾಪುರದ ದುರಂತಕ್ಕೆ ಮೂರು ತಿಂಗಳು ತುಂಬಿದ ಮೇಲೆ, ೨೦೨೦ರ ಆಗಸ್ಟ್ ೯ರ ಬೆಳಗಿನ ಜಾವ, ಅಲ್ಲಿನ ಸ್ವರ್ಣ ಪ್ಯಾಲೇಸ್ ಹೋಟೆಲಿಗೆ ಬೆಂಕಿ ಬಿತ್ತು. ಆಗ ಅದು ಹೋಟೆಲಾಗಿರಲಿಲ್ಲ. ಖಾಸಗಿ ಆಸ್ಪತ್ರೆಯೊಂದು ಅದನ್ನು ಕೊರೋನಾ ರೋಗಿಗಳ ಆರೈಕೆಯ ಕೇಂದ್ರವನ್ನಾಗಿ ಮಾಡಿತ್ತು. ಹೊಗೆಯಲ್ಲಿ ಸಿಕ್ಕಿ ಹತ್ತಕ್ಕೆ ಕಡಿಮೆಯಿಲ್ಲದ ಜೀವಗಳು ಹೋದವು. ಕಿಟಕಿಯಿಂದ ಹಾರಿದವರುಂಟು. ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಲಿಲ್ಲವೆಂದು ಅಧಿಕಾರಿಗಳು ಆಮೇಲೆ ಹೇಳಿದರು.

ಹೋಟೆಲಿನಲ್ಲಿ ದುಡಿದವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿನಲ್ಲಿ ಇಳಿಯುವ ಗಿರಾಕಿ ಗಟ್ಟಿ ಕಾಲಿನವನು, ಕೂಗಿದರೆ ಎದ್ದು ಮೆಟ್ಟಿಲಿಳಿದು ಓಡುವನು. ಉಸಿರು ಸಾಲದೆ ಮಲಗಿದ ರೋಗಿ ಓಡಲಾರ. ಕಟ್ಟಡ ಅದೇ, ಮೆಟ್ಟಿಲು ಅದೇ, ತಂತಿ ಅದೇ. ಒಳಗಿರುವ ಮನುಷ್ಯರು ಬೇರೆ. ಎಂದಮೇಲೆ ಅಪಾಯವೂ ಬೇರೆ. ಬೋರ್ಡು ಬದಲಿಸಿದ ಆ ದಿನ ಯಾರಾದರೂ ಮಹಡಿಯಿಂದ ಮಹಡಿಗೆ ನಡೆದು, "ಇಲ್ಲಿ ಬೆಂಕಿ ಬಿದ್ದರೆ ಇವರನ್ನು ಹೊರಗೆ ತರುವುದು ಹೇಗೆ?" ಎಂದು ಕೇಳಬೇಕಾಗಿತ್ತು. ತುರ್ತು ಇತ್ತು ಎನ್ನುವರು. ತುರ್ತು ಇದ್ದುದು ನಿಜವೇ. ಆದರೆ ಆ ಪ್ರಶ್ನೆಗೆ ಬೇಕಾಗುವುದು ಒಂದು ಮಧ್ಯಾಹ್ನ.

ವಿಶಾಖಪಟ್ಟಣದಲ್ಲಿ ಕೊಳವೆ, ವಿಜಯವಾಡದಲ್ಲಿ ಕಟ್ಟಡ, ಆಸ್ಟ್ರೇಲಿಯದಲ್ಲಿ ಕಡತದ ಒಂದು ಜಾಗ. ಮೂರು ಕಡೆಯೂ ಬದಲಾವಣೆ ಮಾಡಿದವರು ಕೆಟ್ಟದಾಗಲಿ ಎಂದು ಮಾಡಿದವರಲ್ಲ. ಮೂರು ಕಡೆಯೂ ಆಗಬೇಕಾಗಿದ್ದುದು ಬದಲಾವಣೆಗೂ ಜಾರಿಗೂ ನಡುವೆ ಒಂದು ಪ್ರಶ್ನೆ. ಮೂರು ಕಡೆಯೂ ಪೆಟ್ಟು ತಿಂದವರು ಆ ಬದಲಾವಣೆಯ ಮಾತನ್ನೇ ಕೇಳಿರದ ಜನ.

ಅವರು ಹೇಳುವ ನೆಪಗಳು

ಈ ಮಾತು ಎತ್ತಿದೊಡನೆ ಆಚೆ ಕಡೆಯವರ ಬಾಯಲ್ಲಿ ನಾಲ್ಕು ನೆಪಗಳು ಸಿದ್ಧವಾಗಿರುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯ ನೆಪ: "ಓದುತ್ತ ಕುಳಿತರೆ ತಡವಾಗುತ್ತದೆ, ಈಗಿನ ಕಾಲದಲ್ಲಿ ವೇಗವೇ ಜೀವ." ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಕಂಪನಿಗೂ ವೇಗವೇ ಜೀವವಾಗಿತ್ತು. ೨೦೧೨ರ ಆಗಸ್ಟ್ ೧ರಂದು ಅವರು ಎಂಟು ಯಂತ್ರಗಳಿಗೆ ಹಾಕಬೇಕಾದ ಹೊಸ ಆಜ್ಞೆಯನ್ನು ಏಳಕ್ಕೆ ಹಾಕಿ, ಒಂದನ್ನು ಮರೆತು ಪೇಟೆಗೆ ಇಳಿದರು. ೪೫ ನಿಮಿಷಗಳಲ್ಲಿ ೪೬ ಕೋಟಿ ಡಾಲರಿಗೂ ಹೆಚ್ಚು ನಷ್ಟ! ಹೊಸ ಆಜ್ಞೆ ಎಲ್ಲ ಯಂತ್ರಗಳಿಗೂ ಹೋಗಿದೆಯೇ ಎಂದು ಎರಡನೆಯ ನೌಕರನೊಬ್ಬ ನೋಡಿರಲಿಲ್ಲ. ಹಾಗೆ ನೋಡಬೇಕೆಂಬ ಬರವಣಿಗೆಯ ನಿಯಮವೇ ಅಲ್ಲಿರಲಿಲ್ಲವೆಂದು ಅಲ್ಲಿನ ಸರಕಾರದ ಷೇರು ನಿಯಂತ್ರಕರು ಬರೆದಿಟ್ಟಿದ್ದಾರೆ. ಎಂಟು ಯಂತ್ರಗಳನ್ನು ಎಣಿಸಲು ಎಷ್ಟು ಹೊತ್ತು ಬೇಕು? ಅಡಿಗೆಮನೆಯಲ್ಲಿ ಗ್ಯಾಸಿನ ಕೊಳವೆ ಬದಲಿಸಿದ ಮೇಲೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ನೋಡಿಯೇ ನಮ್ಮ ಭಟ್ಟರು ಒಲೆ ಹಚ್ಚುವರು. ಇಡ್ಲಿ ಎರಡು ನಿಮಿಷ ತಡವಾದೀತು. ಅದಕ್ಕಾಗಿ ಮುಷ್ಕರ ಹೂಡಿದ ಗಿರಾಕಿಯನ್ನು ನಾವು ಈ ತನಕ ಕಂಡಿಲ್ಲ.

ಎರಡನೆಯ ನೆಪ: "ಮನುಷ್ಯ ಯಾಕೆ ಓದಬೇಕು? ತಪ್ಪು ಹಿಡಿಯಲು ಯಂತ್ರವೇ ಉಂಟು." ಯಂತ್ರ ಇರಲಿ, ಬೇಡವೆಂದವರಾರು? ಸುಲಭದ ತಪ್ಪುಗಳನ್ನು ಅದು ದಣಿಯದೆ ಹಿಡಿಯುತ್ತದೆ. ಆದರೆ ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳುಹಿಸಿದ ಒಂದು ತಿದ್ದುಪಡಿಯಿಂದ ಜಗತ್ತಿನಲ್ಲಿ ೮೫ ಲಕ್ಷ ಕಂಪ್ಯೂಟರುಗಳು ನೆಲಕಚ್ಚಿದವು. ಆ ತಿದ್ದುಪಡಿಯನ್ನು ಪರೀಕ್ಷಿಸುವ ಯಂತ್ರವೂ ಅವರಲ್ಲಿತ್ತು. ಅದರಲ್ಲಿಯೇ ದೋಷವಿದ್ದುದರಿಂದ ಕೆಟ್ಟದ್ದನ್ನು ಒಳ್ಳೆಯದೆಂದು ಅದು ಪಾಸು ಮಾಡಿತು. ಮತ್ತು ಆ ತಿದ್ದುಪಡಿಯನ್ನು ಮೊದಲು ನಾಲ್ಕು ಕಡೆ ಹಾಕಿ ನೋಡದೆ ಎಲ್ಲೆಡೆಗೂ ಒಮ್ಮೆಲೇ ಬಿಟ್ಟಿದ್ದರು. ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಪೆನ್ನಿನಿಂದ ಬರೆದ ಚೀಟಿ ಕೊಟ್ಟು ವಿಮಾನ ಹತ್ತಿಸಿದರು! ಗಿರಣಿಯಲ್ಲಿ ನೂಲಿನ ಕೌಂಟು ಬದಲಿಸಬೇಕಾದಾಗ ಒಂದು ರಿಂಗ್ ಫ್ರೇಮಿಗೆ ಚೇಂಜ್ ವೀಲು ಹಾಕಿ, ಬಂದ ನೂಲಿನ ಲೀ ಸುತ್ತಿ, ತೂಗಿ, ನಂಬರು ಸರಿ ಬಂದ ಮೇಲೆ ಉಳಿದ ಫ್ರೇಮುಗಳಿಗೆ ಕೈ ಹಚ್ಚುವರು. ಇಡೀ ಖಾತೆಯ ಗಾಲಿಗಳನ್ನು ಒಮ್ಮೆಲೇ ಬದಲಿಸಿ ನೂಲು ಕೆಡಿಸಿದ ಫಿಟ್ಟರನನ್ನು ಮಾಲಕರು ಸುಮ್ಮನೆ ಬಿಡುವರೇ?

ಮೂರನೆಯ ನೆಪ: "ತಪ್ಪಾದರೆ ಹಿಂದಕ್ಕೆ ತೆಗೆದುಕೊಂಡರಾಯಿತು." ಕ್ರೌಡ್‌ಸ್ಟ್ರೈಕಿನವರು ೭೮ ನಿಮಿಷಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ಆಗಲೇ ಬಿದ್ದಿದ್ದ ಯಂತ್ರಗಳನ್ನು ಏಳಿಸಲು ಮಾತ್ರ ಒಂದೊಂದರ ಮುಂದೆಯೂ ಒಬ್ಬೊಬ್ಬ ನೌಕರ ಕುಳಿತು, ದಿನಗಟ್ಟಲೆ ಬೆವರಿಳಿಸಬೇಕಾಯಿತು. ಬಾಗಿಲು ತೆರೆದದ್ದನ್ನು ಮುಚ್ಚಬಹುದು, ಅಷ್ಟರಲ್ಲಿ ಹೊರಗೆ ಹೋದ ಲೆಕ್ಕವನ್ನು ಮರಳಿ ತರಲಾಗದು. ಅಳಿಸಿದ ಉಗ್ರಾಣಕ್ಕೆ ಪ್ರತಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ವೆಂಕಟಾಪುರದಲ್ಲಿ ಯಾವುದನ್ನು ಹಿಂದಕ್ಕೆ ತೆಗೆದುಕೊಂಡರು?

ನಾಲ್ಕನೆಯದು ನೆಪವಲ್ಲ, ಕುತಂತ್ರ: "ಗುಂಡಿ ಒತ್ತಿದವನ ತಪ್ಪು. ಅವನನ್ನು ತೆಗೆದುಹಾಕಿದ್ದೇವೆ." ಇಂಥ ಮಾತು ನಮ್ಮ ಕಿವಿಗೆ ಹಳೆಯದು. ಬಾಯ್ಲರ್ ಕೆಟ್ಟರೆ ಫೈರ್‌ಮನ್, ಲಿಫ್ಟು ಬಿದ್ದರೆ ಲಿಫ್ಟಿನ ಹುಡುಗ, ಲೆಕ್ಕ ತಪ್ಪಿದರೆ ಗಲ್ಲೆಯ ಮೇಲೆ ಕುಳಿತವನು. ೨೦೧೭ರ ಫೆಬ್ರವರಿ ೨೮ರಂದು ಅಮೆಜಾನಿನ ಒಬ್ಬ ನೌಕರ, ನಿಯಮದ ಪುಸ್ತಕದಲ್ಲಿದ್ದಂತೆಯೇ ಕೆಲಸ ಮಾಡುತ್ತ, ಆಜ್ಞೆಯಲ್ಲಿ ಒಂದು ಕಡೆ ತಪ್ಪು ಬರೆದ. ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಯಂತ್ರಗಳು ನಿಂತು, ಜಾಲದ ಅಸಂಖ್ಯ ತಾಣಗಳು ಗಂಟೆಗಟ್ಟಲೆ ಮಂಕಾದವು. ಅಮೆಜಾನಿನವರು ಜನರ ಮುಂದಿಟ್ಟ ವಿವರಣೆಯಲ್ಲಿ ದೋಷವನ್ನು ಹೊರಿಸಿದುದು ಉಪಕರಣದ ಮೇಲೆ: ಅಷ್ಟೊಂದು ಯಂತ್ರಗಳನ್ನು ಅಷ್ಟು ಬೇಗ ಕಳಚಲು ಅದು ಬಿಟ್ಟದ್ದೇ ತಪ್ಪು, ಇನ್ನು ಮೇಲೆ ನಿಧಾನವಾಗಿ ಕಳಚುವಂತೆ, ಒಂದು ಮಿತಿಗಿಂತ ಕೆಳಗೆ ಹೋಗದಂತೆ ತಿದ್ದಿದ್ದೇವೆ ಎಂದರು. ಅಮೆಜಾನನ್ನು ಹೊಗಳುವುದು ನಮ್ಮ ಕಸುಬಲ್ಲ. ಅದರ ಗೋದಾಮುಗಳ ದುಡಿಮೆಯ ವಿಷಯ ಬೇರೆಯೇ ಇದೆ. ಆದರೆ ಇಲ್ಲಿ ಅವರು ಹೇಳಿದ ಮಾತು ಸರಿಯಾದುದು. ಒಬ್ಬ ದಣಿದ ಮನುಷ್ಯನ ಒಂದು ಬೆರಳ ತಪ್ಪಿನಿಂದ ಇಡೀ ಕೋಟೆ ಬೀಳುವುದಾದರೆ, ತಪ್ಪು ಕೋಟೆ ಕಟ್ಟಿದವನದು.

ರಬ್ಬರ್ ಮುದ್ರೆಯ ಪರಿಶೀಲನೆ

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯವರಿಗೂ ಒಂದು ಮಾತು. ಪರಿಶೀಲನೆಯ ಹೆಸರಿನಲ್ಲಿ ಎಲ್ಲ ಕಾಗದಕ್ಕೂ ಐದು ಸಹಿ, ಹತ್ತು ಮುದ್ರೆ ಹಾಕಿಸಿದರೆ ಉಪಯೋಗವಿಲ್ಲ. ದಿನಕ್ಕೆ ಇನ್ನೂರು ಕಾಗದ ಮುಂದಿಟ್ಟರೆ ಯಾವ ಮನುಷ್ಯನೂ ಓದುವುದಿಲ್ಲ, ಒತ್ತುತ್ತಾನೆ. ಆ ಮುದ್ರೆ ಮಾಲಕನ ರಕ್ಷಣೆಗೆ ಕವಚವಾಗುತ್ತದೆ, ಸಹಿ ಹಾಕಿದವನ ಕೊರಳಿಗೆ ಉರುಳಾಗುತ್ತದೆ.

ಆದುದರಿಂದ ಅಪಾಯವನ್ನು ತೂಗಿ ವಿಂಗಡಿಸಬೇಕು. ಮೇಜು ಸರಿಸುವುದಕ್ಕೂ ಗೋಡೆ ಒಡೆಯುವುದಕ್ಕೂ ಒಂದೇ ಅಪ್ಪಣೆ ಯಾಕೆ? ಒಂದು ಹೊಸ ದೀಪ ಸೇರಿಸುವಂಥ ಬದಲಾವಣೆಯನ್ನು ಯಂತ್ರ ನೋಡಿದರೆ ಸಾಕು. ಲೆಕ್ಕದ ಉಗ್ರಾಣವನ್ನು ಕೆಡವುವುದು, ಬಾಗಿಲು ತೆರೆಯುವುದು, ಕೀಲಿಕೈ ಹಂಚುವುದು, ಒಮ್ಮೆಲೇ ಸಾವಿರ ಯಂತ್ರ ಮುಟ್ಟುವುದು: ಇವುಗಳಿಗೆ ಆ ಕೆಲಸ ಬಲ್ಲ ಎರಡನೆಯ ಮನುಷ್ಯ, ಹಗಲು ಹೊತ್ತು, ಬೇಕಾದಷ್ಟು ಸಮಯ. ಈಗೀಗ ಕಡತ ಬರೆಯುವ ಕೆಲಸವನ್ನೂ ಕೃತಕ ಬುದ್ಧಿಯ ಯಂತ್ರಗಳಿಗೆ ಒಪ್ಪಿಸುತ್ತಿರುವರು. ಅದು ಒಂದು ನಿಮಿಷದಲ್ಲಿ ಹತ್ತು ಪುಟ ಬರೆಯುತ್ತದೆ. ಹಾಗೆಂದು ಓದುವವನೂ ಒಂದು ನಿಮಿಷದಲ್ಲಿ ಮುಗಿಸಬೇಕೆನ್ನುವುದು ಯಾವ ನ್ಯಾಯ? ಬರೆಯುವ ವೇಗ ಹೆಚ್ಚಿದಷ್ಟೂ ಓದುವವರ ಸಂಖ್ಯೆ ಹೆಚ್ಚಬೇಕು. ಕಂಪನಿಗಳು ಅದನ್ನೇ ಕಡಿಮೆ ಮಾಡಲು ಹೊರಟಿರುವುವು.

ನಮ್ಮ ಬೇಡಿಕೆ

ವಿಶಾಖಪಟ್ಟಣವಿರಲಿ, ಬೆಂಗಳೂರಿರಲಿ, ಕೊಳವೆಯಿರಲಿ, ಕಡತವಿರಲಿ, ನಾವು ಕೇಳುವುದು ಐದೇ ಮಾತು.

ಒಂದು, ಜನರ ಹಣ, ಜನರ ಪ್ರಾಣ, ಜನರ ಲೆಕ್ಕವನ್ನು ಮುಟ್ಟುವ ಯಾವ ಬದಲಾವಣೆಯೂ ಬರೆದವನಲ್ಲದ ಇನ್ನೊಬ್ಬ ಬಲ್ಲವನು ಓದದೆ ಜಾರಿಯಾಗಕೂಡದು.

ಎರಡು, ಓದುವವನಿಗೆ "ಬೇಡ" ಎನ್ನುವ ಹಕ್ಕು ಬರವಣಿಗೆಯಲ್ಲಿ ಇರಬೇಕು. ಆ ಹಕ್ಕನ್ನು ಚಲಾಯಿಸಿದ್ದಕ್ಕೆ ಬಡ್ತಿ, ಬೋನಸು, ಕೆಲಸಗಳಿಗೆ ಕುತ್ತು ಬರಕೂಡದು.

ಮೂರು, ಓದುವ ಹೊತ್ತು ಕೆಲಸದ ಹೊತ್ತು. ಹನ್ನೆರಡು ತಾಸು ದುಡಿಸಿ, ಪಾಳಿ ಮುಗಿದ ಮೇಲೆ "ಒಂದಿಷ್ಟು ನೋಡಿಬಿಡಿ" ಎನ್ನುವುದು ಪರಿಶೀಲನೆಯಲ್ಲ, ಮೋಸ.

ನಾಲ್ಕು, ಜಾರಿ ಮಾಡುವ ಮೊದಲು ಹಿಂದೆ ತಿರುಗುವ ದಾರಿಯನ್ನು ಬರೆದಿಡಬೇಕು. ದಾರಿ ಇಲ್ಲವಾದರೆ ಅದನ್ನೂ ಬರೆದು, ಹೊಣೆ ಹೊರುವ ಮೇಲಧಿಕಾರಿ ತನ್ನ ಹೆಸರು ಹಾಕಬೇಕು.

ಐದು, ಕೆಟ್ಟದಾದಾಗ ವಿಚಾರಣೆಯ ವರದಿ ನೌಕರರ ಕೈಗೂ ಬರಬೇಕು. ಗುಂಡಿ ಒತ್ತಿದವನ ತಲೆ ಉರುಳಿಸಿ ಕಡತ ಮುಚ್ಚಕೂಡದು.

ಇದು ಆಕಾಶದ ಹಣ್ಣಲ್ಲ. ೧೯೮೪ರ ಭೋಪಾಲದ ಹತ್ಯಾಕಾಂಡದ ನಂತರ, ೧೯೮೭ರಲ್ಲಿ, ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಅಪಾಯದ ಕೈಗಾರಿಕೆಗಳಲ್ಲಿ ಮಾಲಕರ ಮತ್ತು ಕಾರ್ಮಿಕರ ಸಮಸಂಖ್ಯೆಯ ಪ್ರತಿನಿಧಿಗಳಿರುವ ಸುರಕ್ಷಾ ಸಮಿತಿಯನ್ನೂ, ಸನ್ನಿಹಿತ ಅಪಾಯವನ್ನು ಎತ್ತಿ ತೋರಿ ಎಚ್ಚರಿಸುವ ಹಕ್ಕನ್ನು ಕಾರ್ಮಿಕನಿಗೂ ಕೊಟ್ಟರು. ಸಾವಿರಾರು ಹೆಣಗಳು ಬಿದ್ದ ಮೇಲೆ ಬಂದ ಹಕ್ಕು ಅದು. ಕಂಪ್ಯೂಟರ್ ಕೋಣೆಯ ನೌಕರನಿಗೆ ಅದೇ ಹಕ್ಕು ಸಿಗಲು ಇನ್ನೆಷ್ಟು ಅನಾಹುತ ಆಗಬೇಕು? ತಂಪು ಗಾಳಿಯ ಕೋಣೆಯಲ್ಲಿ ಕುಳಿತ ಮಾತ್ರಕ್ಕೆ ಅವನು ಸಾಹೇಬನಾಗಲಿಲ್ಲ. ಅವನೂ ಪಾಳಿಯವನೇ, ಪಗಾರದವನೇ, ನಮ್ಮ ಮನೆಯವನೇ.

ಆದುದರಿಂದ ಬಂಧುಗಳೇ, ಮುಂದಿನ ರಜೆಗೆ ಮಗನೋ ಮಗಳೋ ಮನೆಗೆ ಬಂದಾಗ, ಊಟವಾದ ಮೇಲೆ, "ನಿಮ್ಮಲ್ಲಿ ಗುಂಡಿ ಒತ್ತುವ ಮೊದಲು ಓದುವವರು ಯಾರಪ್ಪಾ?" ಎಂದು ಕೇಳಿರಿ. "ಯಾರೂ ಇಲ್ಲ" ಎಂದರೆ, ಸಂಘ ಕಟ್ಟುವುದು ಹೇಗೆಂದು ಅವರಿಗೆ ಹೇಳಿಕೊಡಿರಿ. ಆ ವಿದ್ಯೆಯಲ್ಲಿ ನಾವು ಅವರಿಗಿಂತ ಹೆಚ್ಚು ಓದಿದವರು.